ಕರಜಗಿಯ ಮಾಳಿಗೆಯ ಮೇಲೆ ಧಾರವಾಡದ ಸರಿಗಮ

ಸಂಗೀತ ಕಲಿಸುವವರು ಇಲ್ಲದ ಊರಿನಲ್ಲಿ ಮಗುವಿಗೆ ಸಂಗೀತ ಕಲಿಸುವುದು ಹೇಗೆ? ಪಟ್ಟಣಕ್ಕೆ ಕಳಿಸಬೇಕು, ಇಲ್ಲವೆ ಆಸೆ ಬಿಡಬೇಕು ಎನ್ನುವುದು ನಮ್ಮ ಕಡೆಯ ಹಳೆಯ ಉತ್ತರ. ಈಗ ಮೂರನೆಯ ಉತ್ತರವೊಂದು ಬಂದಿದೆ. ಗುರುಗಳು ಅವರ ಊರಲ್ಲೇ ಇರುತ್ತಾರೆ, ಮಗು ತನ್ನ ಮನೆಯಲ್ಲೇ ಇರುತ್ತದೆ, ನಡುವೆ ಒಂದು ಫೋನು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಮಗುವಿನ ಪಕ್ಕದಲ್ಲಿ ಅಜ್ಜನೋ ಅಜ್ಜಿಯೋ ಒಬ್ಬರು ಕೂತಿರಬೇಕಾಗುತ್ತದೆ. ಆ ಒಬ್ಬರ ಕೆಲಸ ಏನು ಎಂದು ಹೇಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ನಮ್ಮೂರು ಕರಜಗಿ. ಹಾವೇರಿ ಕಡೆಯ ಕರ್ಜಗಿಯಲ್ಲ, ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಕರಜಗಿ. ಮಹಾರಾಷ್ಟ್ರದ ಗಡಿ ಹತ್ತಿರ, ಹಾಗಾಗಿ ಸಂತೆಗೆ ಹೋದರೆ ಕನ್ನಡ, ಮರಾಠಿ, ದಖನಿ ಮೂರೂ ಕಿವಿಗೆ ಬೀಳುತ್ತವೆ. ಹಾಡಿಗೇನೂ ನಮ್ಮಲ್ಲಿ ಬರವಿಲ್ಲ. ಗುಡಿಯಲ್ಲಿ ಭಜನೆ ಇದೆ, ಮದುವೆಯಲ್ಲಿ ಸೋಬಾನ ಇದೆ, ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವ ಮುದುಕರು ಇನ್ನೂ ಇದ್ದಾರೆ. ಇಲ್ಲದಿರುವುದು ಐದನೇ ಇಯತ್ತೆಯ ಹುಡುಗಿಯನ್ನು ಎದುರಿಗೆ ಕೂಡಿಸಿಕೊಂಡು "ಇದು ಸಾ, ಇದು ರೇ" ಎಂದು ಒಂದೊಂದಾಗಿ ಹೇಳಿಕೊಡುವವರು.

ಆ ಐದನೇ ಇಯತ್ತೆಯ ಹುಡುಗಿ ನನ್ನ ಮೊಮ್ಮಗಳು. ನಾನು ಸಂಗೀತ ಬಲ್ಲವನಲ್ಲ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ಬರೆದು ನಿವೃತ್ತನಾದವನು. ರೇಡಿಯೋ ಕೇಳಿದ್ದೇನೆ, ಅಷ್ಟೆ.

ಅವಳು ಹಾಡುವುದನ್ನು ಒಂದು ದಿನ ನಿಲ್ಲಿಸಿಬಿಟ್ಟಳು. ಮೊದಲು ಪಾತ್ರೆ ತೊಳೆಯುವಾಗ, ಕಟ್ಟೆಯ ಮೇಲೆ ಕೂತು ಹುಣಸೆ ಬೀಜ ಆಡುವಾಗ ಸದಾ ಏನಾದರೂ ಗುನುಗುತ್ತಿದ್ದವಳು ಒಮ್ಮೆಲೇ ಮೂಕಿಯಾದಳು. ಅವಳ ಆಯಿ, ಅಂದರೆ ನನ್ನ ಹೆಂಡತಿ, ಮೂರು ದಿನ ಬೆನ್ನುಹತ್ತಿ ಕೇಳಿದ ಮೇಲೆ ಬಾಯಿಬಿಟ್ಟಳು. ಯಾವುದೋ ಕಾರ್ಯಕ್ರಮಕ್ಕೆ ಮಕ್ಕಳನ್ನು ಹಾಡಿಗೆ ತಯಾರು ಮಾಡುವಾಗ ಹಿರಿಯರೊಬ್ಬರು, "ನಿನ್ನ ದನಿ ಗೊಗ್ಗರದ, ನೀ ಸುಮ್ನ ತುಟಿ ಅಲ್ಲಾಡ್ಸು" ಅಂದಿದ್ದರಂತೆ. ಅವಳು ಹಾಗೇ ಮಾಡಿದ್ದಳು. ಸಾಲಿನಲ್ಲಿ ನಿಂತು ಕೇವಲ ತುಟಿ ಅಲ್ಲಾಡಿಸಿ ಬಂದಿದ್ದಳು. ಅಂದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಕ್ಕಿಲ್ಲ, ಕಾರ್ಯಕ್ರಮ ಸುಸೂತ್ರ ಆಗಬೇಕಿತ್ತು. ಆದರೆ ಹತ್ತು ವರ್ಷದ ಮಗು ಅಂಥ ಮಾತನ್ನು ಕಲ್ಲಿನ ಮೇಲೆ ಕೆತ್ತಿದಂತೆ ಇಟ್ಟುಕೊಳ್ಳುತ್ತದೆ.

ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮನ ಮಗ ಧಾರವಾಡದ ಗುರುಗಳೊಬ್ಬರನ್ನು ಗೊತ್ತುಮಾಡಿಕೊಟ್ಟ. ವಿಡಿಯೋ ಕರೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾರೆ. ಮಂಗಳವಾರ, ಶನಿವಾರ ಬೆಳಿಗ್ಗೆ ಅರ್ಧ ಅರ್ಧ ತಾಸು. ಮನೆಯೊಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲವಾದ್ದರಿಂದ ಮಾಳಿಗೆಯ ಮೇಲೆ ಚಾಪೆ ಹಾಸಿದೆವು. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ವಿಶೇಷವೇನಲ್ಲ, ಆದರೆ ಬೆಳಗಿನ ಆರೂವರೆಗೆ ಮಾಳಿಗೆ ತಂಪಾಗಿರುತ್ತದೆ.

ಮೊದಲ ಪಾಠದಲ್ಲಿ ಗುರುಗಳು ಸರಿಗಮ ಹೇಳಿಸಲೇ ಇಲ್ಲ. "ನಿಮ್ಮ ಅಜ್ಜಿ ಕೆಳಗ ಅದಾರೇನವಾ? ಇಲ್ಲಿಂದನ ಒಂದ್ಸಲ ಕೂಗಿ ಕರಿ ನೋಡೋಣ" ಅಂದರು. ಮಗು ಮಾಳಿಗೆಯ ಅಂಚಿಗೆ ಬಾಗಿ "ಆಯೀ..." ಎಂದು ಉದ್ದಕ್ಕೆ ಕೂಗಿತು. ಗುರುಗಳು ತಮ್ಮ ಪೇಟಿಯ ಮೇಲೆ ಆ ದನಿಯನ್ನು ಹುಡುಕಿ ಹಿಡಿದರು. ಕರಿ ನಾಲ್ಕು.

ಮಕ್ಕಳೇ, ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತೇವೆ. ಅದರಲ್ಲಿ ಬಿಳಿ ಮನೆಗಳೂ ಕರಿ ಮನೆಗಳೂ ಇರುತ್ತವೆ. ಯಾವ ಮನೆಯನ್ನು ಬೇಕಾದರೂ ಸಾ ಎಂದು ಹಿಡಿದು ಹಾಡಬಹುದು. ಗಂಡಸರು ಸಾಮಾನ್ಯವಾಗಿ ಬಿಳಿ ಒಂದು, ಕರಿ ಒಂದು, ಬಿಳಿ ಎರಡು, ಹೀಗೆ ಕೆಳಗಿನ ಶ್ರುತಿಯಲ್ಲಿ ಹಾಡುತ್ತಾರೆ. ಹೆಂಗಸರೂ ಮಕ್ಕಳೂ ಅದಕ್ಕಿಂತ ನಾಲ್ಕೈದು ಮನೆ ಮೇಲೆ. ಮಕ್ಕಳ ಗಂಟಲಿನ ತಂತುಗಳು ಗಿಡ್ಡ, ತೆಳು. ತಂಬೂರಿಯ ತಂತಿಯಂತೆಯೇ, ಗಿಡ್ಡ ತಂತಿ ಎತ್ತರದ ದನಿ ಕೊಡುತ್ತದೆ. ಅಂಥ ಗಂಟಲಿಗೆ ದೊಡ್ಡವರ ಶ್ರುತಿ ಕೊಟ್ಟು ಹಾಡು ಅಂದರೆ ಅದು ಕೆಳಗಿಳಿಯಲಾರದೆ ಗೊರಗೊರ ಅನ್ನುತ್ತದೆ. ದನಿ ಗೊಗ್ಗರಾಗಿರಲಿಲ್ಲ, ಕೊಟ್ಟ ಶ್ರುತಿ ಅವಳದಾಗಿರಲಿಲ್ಲ. ಕರಿ ನಾಲ್ಕರಲ್ಲಿ ಅದೇ ಹಾಡನ್ನು ಹಾಡಿಸಿದರು. ಕೆಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ನಿಂತಿತು.

ಈ ಒಂದು ಸಂಗತಿ ಗೊತ್ತಾಗಲು ಹಾಡಿ ತೋರಿಸುವವರಿಗಿಂತ ಕಿವಿಗೊಟ್ಟು ಕೇಳುವವರು ಬೇಕಾಯಿತು. ದೂರದಿಂದ ಸಂಗೀತ ಕಲಿಯುವುದರ ಗುಟ್ಟೆಲ್ಲ ಇಲ್ಲೇ ಇದೆ ಎಂದು ನನಗೆ ತೋರುತ್ತದೆ.

ತಟ್ಟೆಯಿಂದ ಕಲಿತವರು

ದೂರದ ದನಿಯಿಂದ ಮನೆಯಲ್ಲೇ ಕೂತು ಕಲಿಯುವುದು ನಮ್ಮ ಉತ್ತರ ಕರ್ನಾಟಕಕ್ಕೆ ಹೊಸತೇನಲ್ಲ. ಫೋನಿಗಿಂತ ಮೊದಲು ಗ್ರಾಮಫೋನ್ ಇತ್ತು. ಭಾರತದಲ್ಲಿ 1902ರಲ್ಲಿಯೇ ಕಲ್ಕತ್ತೆಯ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದರು. ಆ ಕಾಲದ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಮೂರು ನಿಮಿಷದಷ್ಟು ಹಾಡು ಮಾತ್ರ. ದೊಡ್ಡ ದೊಡ್ಡ ಉಸ್ತಾದರು ತಾಸುಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಮಡಿಚಿ ಕೊಟ್ಟರು. ಮಕ್ಕಳಿಗೆ ಅದೇ ಅನುಕೂಲವಾಯಿತು. ಮೂರು ನಿಮಿಷದ್ದನ್ನು ಮತ್ತೆ ಮತ್ತೆ ಕೇಳಬಹುದಲ್ಲ!

ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಚಿಕ್ಕವರಿದ್ದಾಗ ಬೀದಿಯಲ್ಲಿ ಗ್ರಾಮಫೋನ್ ಕೇಳಿಸಿದರೆ ಸಾಕು, ಓಡಿಹೋಗಿ ನಿಲ್ಲುತ್ತಿದ್ದರು. ಗದಗ ಸೀಮೆಯ ಹುಡುಗ ಭೀಮಸೇನ ಜೋಶಿ, ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ಮರುಳಾಗಿ, ಹಾಗೆ ಹಾಡಬೇಕೆಂಬ ಹುಚ್ಚಿಗೆ ಹನ್ನೊಂದನೇ ವಯಸ್ಸಿನಲ್ಲಿ ಮನೆಬಿಟ್ಟು ಹೋದದ್ದು 1933ರಲ್ಲಿ. (ಮಕ್ಕಳೇ, ಈ ಭಾಗವನ್ನು ಅನುಸರಿಸಬೇಡಿ.) ಉತ್ತರದ ಊರೂರು ಸುತ್ತಿ ಬಂದ ಅವರಿಗೆ ಕೊನೆಗೆ ಗುರು ಸಿಕ್ಕಿದ್ದು ಮನೆಗೆ ಹತ್ತಿರದ ಕುಂದಗೋಳದವರೇ ಆದ ಸವಾಯಿ ಗಂಧರ್ವರು. ಅವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು!

ಎಲ್ಲರಿಗಿಂತ ಸೋಜಿಗದವನು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ. ಆ ಬಾಲಕ ದೊಡ್ಡ ಗಾಯಕರ ತಟ್ಟೆಗಳನ್ನು ಕೇಳಿ, ಇದ್ದದ್ದು ಇದ್ದಂತೆ, ಒಂದು ಕೊಂಕೂ ಬಿಡದೆ ಹಾಡಿಬಿಡುತ್ತಿದ್ದ. ಜನ ಅವನನ್ನು ಕುಮಾರ ಗಂಧರ್ವ ಎಂದು ಕರೆದರು, ಅದೇ ಹೆಸರು ಉಳಿಯಿತು. ಆದರೆ ಕೇಳಿ, ತಟ್ಟೆಯಿಂದ ಅಷ್ಟು ಕಲಿತ ಆ ಹುಡುಗನನ್ನೂ ಮುಂಬಯಿಯಲ್ಲಿ ಬಿ.ಆರ್. ದೇವಧರ ಅವರ ಬಳಿ ಪಾಠಕ್ಕೆ ಬಿಟ್ಟರು. ತಟ್ಟೆ ಹಾಡುತ್ತದೆ, ಆದರೆ ನೀನು ಹಾಡಿದ್ದನ್ನು ಅದು ಕೇಳಿಸಿಕೊಳ್ಳುವುದಿಲ್ಲ. ಗಂಗೂಬಾಯಿಯವರೂ ಕುಂದಗೋಳಕ್ಕೇ ಹೋಗಬೇಕಾಯಿತು.

ಆಮೇಲೆ ರೇಡಿಯೋ ಬಂತು. ಧಾರವಾಡ ಆಕಾಶವಾಣಿ 1950ರಲ್ಲಿ, ನಮ್ಮ ಕಲಬುರಗಿ ಕೇಂದ್ರ 1966ರಲ್ಲಿ. ಮುಂದೆ ಶಾಲೆಯ ಮಕ್ಕಳಿಗೆಂದೇ 'ಕೇಳಿ ಕಲಿ'ಯಂಥ ರೇಡಿಯೋ ಪಾಠಗಳು ಬಂದವು, ಕೊರೊನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಪಾಠಗಳಾದವು. ಎಲ್ಲವೂ ಒಳ್ಳೆಯವೇ. ಆದರೆ ಇವೂ ಆಚೆಯಿಂದ ಈಚೆಗೆ ಬರುವ ದನಿಗಳು. ಈಚೆಯಿಂದ ಹತ್ತು ವರ್ಷದ ಹುಡುಗಿ "ಆಯೀ" ಎಂದು ಕೂಗಿದ್ದನ್ನು ಮುನ್ನೂರು ಕಿಲೋಮೀಟರಿನಷ್ಟು ದೂರದಲ್ಲಿ ಒಬ್ಬರು ಕಿವಿಗೊಟ್ಟು ಕೇಳುವುದು ಈ ಫೋನಿನಿಂದ ಸಾಧ್ಯವಾಯಿತು.

ಫೋನಿನ ಅತಿಬುದ್ಧಿ

ಹಾಗೆಂದು ಫೋನನ್ನು ಹೊಗಳಿ ಕೂಡುವಂತಿಲ್ಲ. ಅದಕ್ಕೆ ಎರಡು ದೊಡ್ಡ ದೋಷಗಳಿವೆ. ಮನೆಯಲ್ಲಿ ಇಂಥ ಪಾಠ ಶುರುಮಾಡುವವರು ಮೊದಲೇ ತಿಳಿದಿರಬೇಕು, ಇಲ್ಲದಿದ್ದರೆ ತಪ್ಪು ಮಗುವಿನ ತಲೆಗೆ ಬರುತ್ತದೆ.

ಒಂದು, ದನಿ ತಡವಾಗಿ ತಲುಪುತ್ತದೆ. ಇದಕ್ಕೆ ನನ್ನ ಬ್ಯಾಂಕಿನ ಲೆಕ್ಕ ಸಹಾಯಕ್ಕೆ ಬಂತು. ನಿಮಿಷಕ್ಕೆ 120 ಮಾತ್ರೆಯ ಲಯವೆಂದರೆ ಒಂದು ಮಾತ್ರೆಗೆ ಅರ್ಧ ಸೆಕೆಂಡ್. ಫೋನಿನಲ್ಲಿ ದನಿ ಹೋಗುವುದಕ್ಕೆ ಕಾಲು ಸೆಕೆಂಡ್ ಹಿಡಿಯಿತು ಎನ್ನೋಣ. ಗುರುಗಳು ಚಪ್ಪಾಳೆ ಹೊಡೆದದ್ದು ಮಗುವಿಗೆ ಕಾಲು ಸೆಕೆಂಡ್ ತಡವಾಗಿ ಕೇಳುತ್ತದೆ. ಮಗು ಅದಕ್ಕೆ ಸರಿಯಾಗಿ ಹೊಡೆದ ಚಪ್ಪಾಳೆ ಗುರುಗಳಿಗೆ ಮತ್ತೆ ಕಾಲು ಸೆಕೆಂಡ್ ತಡ. ಕೂಡಿಸಿದರೆ ಅರ್ಧ ಸೆಕೆಂಡ್, ಅಂದರೆ ಪೂರಾ ಒಂದು ಮಾತ್ರೆ! ಮಗು ತಾಳ ತಪ್ಪಿಲ್ಲ, ಆದರೂ ಅಲ್ಲಿ ತಪ್ಪಿದಂತೆ ಕೇಳುತ್ತದೆ. ಆದ್ದರಿಂದ ಫೋನಿನಲ್ಲಿ ಇಬ್ಬರೂ ಕೂಡಿ ಹಾಡಲಾಗದು. ಗುರುಗಳು ಒಂದು ಸಾಲು ಹಾಡಿ ನಿಲ್ಲಿಸಬೇಕು, ಆಮೇಲೆ ಮಗು ಹಾಡಬೇಕು. ತಾಳವನ್ನು ಮಾತ್ರ ಮಗುವಿನ ಪಕ್ಕದಲ್ಲಿ ಕೂತವರು ಹಾಕಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಮೊದಲು ಎಂಟು ಮಾತ್ರೆಯ ಕೆಹರವಾ, ಈಗ ಹದಿನಾರು ಮಾತ್ರೆಯ ತೀನತಾಳ. ಒಂದು, ಐದು, ಹದಿಮೂರಕ್ಕೆ ಚಪ್ಪಾಳೆ, ಒಂಬತ್ತಕ್ಕೆ ಕೈ ಬೀಸುವುದು. ಒಂಬತ್ತನೆಯದು ಖಾಲಿ. ನಿಮ್ಮ ಅಜ್ಜನಿಗೆ ಎದುರು ಕೂತು ಇದನ್ನು ಹಾಕಲು ಹೇಳಿ, ನೀವು ನಡುವೆ ಏನಾದರೂ ಮಾತನಾಡಿಸಿ. ಒಂಬತ್ತಕ್ಕೆ ಕೈ ಬೀಸುವುದನ್ನು ಮರೆಯದಿದ್ದರೆ ಅಜ್ಜ ಗೆದ್ದಂತೆ.

ಎರಡನೆಯದು ಫೋನಿನ ಅತಿಬುದ್ಧಿ. ಮಾತು ಸ್ಪಷ್ಟವಾಗಿ ಕೇಳಲಿ ಎಂದು ಹಿಂದಿನ ಗದ್ದಲವನ್ನು ಅಳಿಸಿಹಾಕುವ ಏರ್ಪಾಡು ಅದರೊಳಗೆ ಇರುತ್ತದೆ. ಒಂದೇ ಸಮನೆ ಬರುವ ಸದ್ದೆಲ್ಲ ಅದಕ್ಕೆ ಗದ್ದಲ. ಫ್ಯಾನಿನ ಸದ್ದು ಹೋದರೆ ಒಳ್ಳೆಯದೇ. ಆದರೆ ತಂಬೂರಿ ಮಾಡುವುದೂ ಒಂದೇ ಸಮನೆ ನುಡಿಯುವ ಕೆಲಸವೇ! ಮಗು "ಸಾ..." ಎಂದು ಉಸಿರು ಹಿಡಿದು ನಿಲ್ಲಿಸುವುದೂ ಅದೇ. ಮೊದಲ ಕೆಲವು ವಾರ ಗುರುಗಳಿಗೆ ಇವಳ ಷಡ್ಜ ತುಂಡುತುಂಡಾಗಿ ಕೇಳುತ್ತಿತ್ತು. "ಉಸಿರು ಸಾಲವಲ್ದೇನವಾ?" ಎಂದು ಅವರು ಕೇಳಿದರೆ, ಇಲ್ಲಿ ಅವಳು ನನ್ನ ಕೈಗಡಿಯಾರದಲ್ಲಿ ಹದಿನಾಲ್ಕು ಸೆಕೆಂಡ್ ಎಳೆದಿರುತ್ತಿದ್ದಳು. ಅವಳ ಮುಖ ಮತ್ತೆ ಸಣ್ಣದಾಗತೊಡಗಿತು.

"ಮುತ್ಯಾ, ನಾ ಹಾಡ್ಲಾಕತ್ತೀನಿ, ಅವರಿಗಿ ಕೇಳವಲ್ದು. ಮತ್ತ ನಂದೇ ದನಿ ಸರಿ ಇಲ್ಲೇನು?"

ಆ ಪ್ರಶ್ನೆಗೆ ಉತ್ತರ ಕೊಡಲೇಬೇಕಿತ್ತು. ನಾನು ಫೋನನ್ನು ಬದಿಗಿಟ್ಟು, ನಮ್ಮ ಮನೆಯ ಇನ್ನೊಂದು ಫೋನಿನಲ್ಲಿ ಅವಳ ದನಿಯನ್ನು ಬರೀ ಧ್ವನಿಮುದ್ರಣ ಮಾಡಿ ಗುರುಗಳಿಗೆ ಕಳಿಸಿದೆ. ಹಾಗೆ ಮುದ್ರಿಸಿದ್ದರಲ್ಲಿ ತುಂಡಾಗುವ ತೊಂದರೆ ಇರಲಿಲ್ಲ. ಸಂಜೆ ಅವರ ಉತ್ತರ ಬಂತು: "ಉಸಿರು ಭಾಳ ಛಲೋ ಐತಿ. ಫೋನಿನ ಕಿವಿ ಕೆಟ್ಟೈತಿ, ಹುಡುಗೀದು ದನಿ ಕೆಟ್ಟಿಲ್ಲ." ಅದನ್ನು ಅವಳು ಎಷ್ಟು ಸಲ ಹಾಕಿ ಕೇಳಿದಳೋ ಲೆಕ್ಕವಿಲ್ಲ. ಆಮೇಲಿಂದ ನಮ್ಮ ಕ್ರಮ ಹೀಗಾಗಿದೆ. ಪಾಠ ವಿಡಿಯೋ ಕರೆಯಲ್ಲಿ, ಅಭ್ಯಾಸ ಮಾಡಿದ್ದು ಧ್ವನಿಮುದ್ರಣದಲ್ಲಿ. ವಾರಕ್ಕೆ ಎರಡು ಮುದ್ರಣ, ಒಂದೊಂದು ಎರಡೇ ನಿಮಿಷ. ಕೆಲವು ಫೋನುಗಳಲ್ಲಿ ಆ ಗದ್ದಲ ಅಳಿಸುವ ಏರ್ಪಾಡನ್ನು ಸೆಟ್ಟಿಂಗಿಗೆ ಹೋಗಿ ಆರಿಸಲೂ ಬರುತ್ತದೆ. ಅದನ್ನು ಹುಡುಕುವುದು ಮೊಮ್ಮಕ್ಕಳ ಕೆಲಸ, ನಮ್ಮ ವಯಸ್ಸಿನವರು ಕೈಹಾಕದಿರುವುದು ವಾಸಿ.

ತಂಬೂರಿಯ ಬಗ್ಗೆಯೂ ಒಂದು ಮಾತು. ಫೋನಿನಲ್ಲಿ ತಂಬೂರಿ ನುಡಿಸುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ನಾಲ್ಕು ತಂತಿಯ ತಂಬೂರಿಯಲ್ಲಿ ಮೊದಲನೆಯದು ಪಂಚಮ, ನಡುವಿನ ಎರಡು ಷಡ್ಜ, ಕೊನೆಯದು ಕೆಳಗಿನ ಷಡ್ಜ. ಫೋನಿನ ಪುಟ್ಟ ಸ್ಪೀಕರಿಗೆ ಆ ಕೊನೆಯ ತಂತಿಯ ಗುಂಯ್‌ಗುಡುವ ನಾದ ಎಬ್ಬಿಸಲು ಶಕ್ತಿ ಸಾಲದು. ಮೊಮ್ಮಗಳು ಜಾಣತನ ಮಾಡಿ ಫೋನನ್ನು ಖಾಲಿ ಚರಿಗೆಯೊಳಗೆ ಇಟ್ಟಳು. ಸದ್ದೇನೋ ದೊಡ್ಡದಾಯಿತು, ಆದರೆ ಜೊತೆಗೆ ಚರಿಗೆಯೂ ತನ್ನದೊಂದು ದನಿ ಸೇರಿಸಿತು. ಗುರುಗಳು ನಕ್ಕು ಬೇಡವೆಂದರು. ಸಣ್ಣದೊಂದು ಸ್ಪೀಕರ್ ಜೋಡಿಸಿಕೊಂಡರೆ ಸಾಕು.

ಪರದೆ ಬೋರಲು

ಒಂದು ಶನಿವಾರ ಗುರುಗಳು, "ಫೋನ್ ಬೋರಲು ಹಾಕವಾ, ನನ್ನ ಮಾರಿ ನೋಡಬ್ಯಾಡ" ಅಂದರು. ಹುಡುಗಿ ಅವರ ತುಟಿ ನೋಡಿ ಹಾಡುತ್ತಿದ್ದಾಳೆ, ಕಿವಿಯಿಂದ ಹಾಡುತ್ತಿಲ್ಲ ಎಂದು ಅವರಿಗೆ ಅನುಮಾನ. ತುಟಿಯ ಸಹವಾಸ ಇವಳಿಗೆ ಮೊದಲಿನಿಂದ ಇತ್ತಲ್ಲ! ಪರದೆ ಬೋರಲಾದ ಮೇಲೆ ಕಣ್ಣಿಗೆ ಕೆಲಸವಿಲ್ಲದೆ ಕಿವಿ ಚುರುಕಾಯಿತು. ಈಗ ಅರ್ಧ ಪಾಠ ಹಾಗೇ ನಡೆಯುತ್ತದೆ. ವಿಡಿಯೋ ಪಾಠವೆಂದು ಹೆಸರು, ನೋಡುವುದು ಮಾತ್ರ ಮಾಳಿಗೆಯ ಮೇಲಿನ ಗುಬ್ಬಿಗಳನ್ನು.

ನನಗೆ ಆಗ ನೆನಪಾದದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳೂ, ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರು. ನಾಡಿನ ಮೂಲೆಮೂಲೆಯ ಕುರುಡು ಮಕ್ಕಳು ಅಲ್ಲಿ ಅನ್ನ, ಆಸರೆ, ಸಂಗೀತ ಮೂರನ್ನೂ ಪಡೆದರು. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡರು, ಪುಟ್ಟರಾಜರು 2010ರವರೆಗೂ ಇದ್ದರು. ಅಲ್ಲಿ ಪಾಠವೆಲ್ಲ ಕಿವಿಯಿಂದ ಬಾಯಿಗೆ, ಬಾಯಿಂದ ಕಿವಿಗೆ. ಹಾಗಿದ್ದ ಮೇಲೆ ಪರದೆ ದೊಡ್ಡದಿರಬೇಕು, ದುಬಾರಿ ಫೋನೇ ಬೇಕು ಎಂದು ಹಟಹಿಡಿಯುವುದರಲ್ಲಿ ಅರ್ಥವಿಲ್ಲ. ನಮ್ಮದು ಗಾಜು ಸೀಳಿದ ಹಳೆಯ ಫೋನು. ನಡೆದಿದೆ.

ಆದರೆ ಒಂದು ಕೊರತೆಯನ್ನು ಫೋನು ಎಂದೂ ತುಂಬಿಕೊಡಲಾರದು. ಅದು ಹತ್ತು ಜನರ ಜೊತೆ ಕೂಡಿ ಹಾಡುವುದು. ಅದಕ್ಕೆ ನಮ್ಮೂರ ಭಜನೆಯ ಮೇಳ ಇದೆ. ಮೊದಮೊದಲು ಅವಳನ್ನು ಅಲ್ಲಿಗೆ ಕರೆದೊಯ್ಯಲು ನನಗೆ ಅಳುಕಿತ್ತು. ಭಜನೆಯವರ ಶ್ರುತಿ ಗಂಡಸರ ಶ್ರುತಿ, ಮತ್ತೆ ಅದೇ ಕಥೆಯಾದರೆ? ಗುರುಗಳನ್ನೇ ಕೇಳಿದೆ. "ತಾಳ ಹಾಕ್ಲಿ. ಹಾಡೂದು ಬ್ಯಾರೆ ಮಾತು" ಅಂದರು. ಅಮವಾಸ್ಯೆಯ ರಾತ್ರಿ ಗುಡಿಯಲ್ಲಿ ಹಿರಿಯರ ನಡುವೆ ಕೂತು ಅವಳು ತಾಳ ಹಿಡಿದಳು. ಪೇಟಿ ಬಾರಿಸುವ ಹಿರಿಯರು ಎರಡು ಪದ ಮುಗಿಸಿ, ಹುಡುಗಿಯ ಕಡೆ ನೋಡಿ, "ನಿಂದು ಯಾವ್ ಮನಿ ಯವ್ವಾ?" ಎಂದು ಕೇಳಿದರು. ಅವರು ಕೇಳಿದ್ದು ಯಾರ ಮನೆಯ ಹುಡುಗಿ ಎಂದು. ಇವಳು ಪಟಕ್ಕನೆ "ಕರಿ ನಾಕು" ಅಂದಳು. ಗುಡಿಯಲ್ಲಿದ್ದವರೆಲ್ಲ ನಕ್ಕರು, ಆದರೆ ಆ ಹಿರಿಯರು ನಗಲಿಲ್ಲ. ಪೇಟಿಯ ಮೇಲೆ ಕರಿ ನಾಲ್ಕು ಒತ್ತಿ ಹಿಡಿದು, "ಹಂಗಾರ ಹಾಡು" ಅಂದರು.

ಅವಳು ಹಾಡಿದ್ದು ಭೂಪಾಲಿ ರಾಗದ ಒಂದು ಸಣ್ಣ ಸರಿಗಮ. ಭೂಪಾಲಿಯಲ್ಲಿ ಐದೇ ಸ್ವರ: ಸಾ, ರೇ, ಗ, ಪ, ಧ. ಮ ಮತ್ತು ನಿ ಇಲ್ಲ. ದಕ್ಷಿಣಾದಿಯವರು ಇದೇ ಸ್ವರಗಳಿಗೆ ಮೋಹನ ಅನ್ನುತ್ತಾರೆ. ಮಕ್ಕಳಿಗೆ ಇದನ್ನು ಮೊದಲು ಹೇಳಿಕೊಡುವುದು ರೂಢಿ, ಏಕೆಂದರೆ ಎಡವುವ ಕಲ್ಲುಗಳು ಕಡಿಮೆ. ಅರ್ಧದಲ್ಲಿ ಗಾಬರಿಯಾಗಿ ಒಂದು ಧ ತಪ್ಪಿದಳು, ಪೇಟಿಯವರು ಮುಟ್ಟಿ ತೋರಿಸಿದರು, ಮುಂದುವರಿಸಿದಳು. ತುಟಿಯ ಜೊತೆಗೆ ದನಿಯೂ ಇತ್ತು.

ನನ್ನ ವಯಸ್ಸಿನ ಓದುಗರು ಎರಡು ಪ್ರಶ್ನೆ ಕೇಳುತ್ತಾರೆಂದು ಗೊತ್ತು. "ನಮಗೆ ಸಂಗೀತ ಬರೂದಿಲ್ಲ, ಪಕ್ಕದಾಗ ಕೂತು ಏನ್ ಮಾಡೋಣ?" ತಾಳ ಹಾಕಿ. ಉಸಿರಿನ ಸೆಕೆಂಡು ಎಣಿಸಿ. ಗುರುಗಳು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಳ್ಳಿ. ಭಾತಖಂಡೆಯವರ ಪದ್ಧತಿಯಲ್ಲಿ ಕೋಮಲ ಸ್ವರದ ಕೆಳಗೆ ಅಡ್ಡಗೆರೆ, ತೀವ್ರ ಮ ಮೇಲೆ ನಿಂತ ಗೆರೆ, ಮೇಲಿನ ಸಪ್ತಕಕ್ಕೆ ಮೇಲೆ ಚುಕ್ಕಿ, ಕೆಳಗಿನದಕ್ಕೆ ಕೆಳಗೆ ಚುಕ್ಕಿ. ಲೆಡ್ಜರು ಬರೆದ ಕೈಗೆ ಇದೇನು ಮಹಾ! ತಪ್ಪು ತಿದ್ದುವುದು ಮಾತ್ರ ಗುರುಗಳಿಗೆ ಬಿಡಿ. ನಾವು ತಿದ್ದಲು ಹೋದರೆ ಮಗುವಿಗೆ ಎರಡು ಸಾ ಆಗುತ್ತವೆ.

ಎರಡನೆಯ ಪ್ರಶ್ನೆ, "ಪರೀಕ್ಷೆಗೆ ಯಾವಾಗ ಕೂಡಿಸೂದು?" ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಮೊದಲ ಮೆಟ್ಟಿಲು ಪ್ರಾರಂಭಿಕ, ನಮ್ಮ ರಾಜ್ಯದ ಸಂಗೀತ ಪರೀಕ್ಷೆಗಳಲ್ಲಿ ಮೊದಲನೆಯದು ಜೂನಿಯರ್. ಇವಳ ತಂದೆಗೂ ಅದೇ ಅವಸರ, ಸೊಲ್ಲಾಪುರದಿಂದ ಫೋನು ಮಾಡಿದಾಗಲೆಲ್ಲ ಅದೇ ಮಾತು. ಕೂಡಿಸೋಣ, ಬೇಡವೆನ್ನುವುದಿಲ್ಲ. ಆದರೆ ದನಿ ಮರಳಿ ಬಂದು ಇನ್ನೂ ವರ್ಷ ತುಂಬಿಲ್ಲ. ಗುರುಗಳೂ ಇನ್ನೊಂದು ವರ್ಷ ತಡೆಯಿರಿ ಎಂದಿದ್ದಾರೆ.

ಈ ವಾರ ಯಮನ್ ಶುರುವಾಗಿದೆ. ಅದರಲ್ಲಿ ತೀವ್ರ ಮ ಬರುತ್ತದೆ, ಅದು ಅವಳಿಗೆ ಇನ್ನೂ ದಕ್ಕಿಲ್ಲ. ಒಮ್ಮೆ ಗ ಕಡೆ ಜಾರುತ್ತದೆ, ಒಮ್ಮೆ ಪ ಕಡೆ ಏರುತ್ತದೆ. ಶನಿವಾರದ ಹೊತ್ತಿಗೆ ಎರಡು ನಿಮಿಷದ ಮುದ್ರಣ ಕಳಿಸಬೇಕು. ನಿನ್ನೆ ಸಂಜೆ ಕರೆಂಟು ಹೋಗಿತ್ತು. ಕತ್ತಲಲ್ಲಿ ಕಟ್ಟೆಯ ಮೇಲೆ ಕೂತು, ಅವಳ ಆಯಿ ತೊಗರಿ ಹಸನು ಮಾಡುತ್ತಿದ್ದ ಮೊರದ ಸಪ್ಪಳದ ನಡುವೆಯೇ ಅದೊಂದೇ ಸ್ವರವನ್ನು ಇಪ್ಪತ್ತು ಸಲವಾದರೂ ಹಾಡಿದಳು. ಆಯಿ ಮೊರ ನಿಲ್ಲಿಸಿ ಅಂದಳು: "ಈಗಿಂದು ಹತ್ತಿರ ಬಂದದ ನೋಡು. ಇನ್ನೊಮ್ಮಿ ಅನ್ನು."